ಮುಖ ಬರಲ್ಲ, ಕಾಲು ಮಾತ್ರ

ಮಳೆಗಾಲದಲ್ಲಿ ಕಾಫಿ ತೋಟದ ಕಳೆ ತೆಗೆಯಲು ಹೋಗುವ ಹೆಂಗಸರು ಬೆಳಿಗ್ಗೆ ಮೊದಲು ಮಾಡುವ ಕೆಲಸ, ಕಾಲಿಗೆ ಹೊಗೆಸೊಪ್ಪು ಸುಣ್ಣ ಬಳಿದುಕೊಳ್ಳುವುದು. ಬಿಸಿಲೇರುವ ಹೊತ್ತಿಗೆ ಅನ್ನೋಣವೆಂದರೆ ಬಿಸಿಲೆಲ್ಲಿದೆ, ಮಳೆ ಅದನ್ನೆಲ್ಲ ತೊಳೆದು ಹಾಕಿರುತ್ತದೆ. ಆಮೇಲೆ ರಕ್ತ ಹೀರುವ ಇಂಬಳಗಳದ್ದೇ ರಾಜ್ಯ. ಬೆರಳ ಸಂದಿಗೆ, ಮೀನಖಂಡಕ್ಕೆ, ಕೆಲವೊಮ್ಮೆ ಕುತ್ತಿಗೆಗೂ ಕಚ್ಚಿಕೊಳ್ಳುತ್ತವೆ. ಒಬ್ಬಳ ಬೆನ್ನಿನದನ್ನು ಇನ್ನೊಬ್ಬಳು ಕಿತ್ತೆಸೆಯುತ್ತಾಳೆ, ಮಾತೂ ನಿಲ್ಲುವುದಿಲ್ಲ, ಕತ್ತಿಯೂ ನಿಲ್ಲುವುದಿಲ್ಲ. ಎಲ್ಲರಿಗೂ ಗಮ್‌ಬೂಟು ಕೊಡಿಸುತ್ತೇನೆಂದು ಯಜಮಾನರು ಹೇಳುತ್ತಲೇ ಇದ್ದಾರೆ. ಕೇಳಿ ಕೇಳಿ ಹೆಂಗಸರು ಈಗ ಕೇಳುವುದನ್ನೇ ಬಿಟ್ಟಿದ್ದಾರೆ.

ಗೋಣಿಬೀಡಿನ ಹತ್ತಿರದ ಎಸ್ಟೇಟ್ ಕೂಲಿಯವರ ಲೈನಿನಲ್ಲಿರುವ ತಂಗಮ್ಮ ಇಂಥ ಕಾಲಿನ ಮೇಲೆ ನಿಂತೇ ಮಗಳು ಭವ್ಯಾಳನ್ನು ಡಿಗ್ರಿ ಓದಿಸಿದಳು. ಗಂಡ ಗಿಡ್ಡಪ್ಪ ಮರ ಹತ್ತಿ ಕೊಂಬೆ ಸವರುವ ಮರಗಸಿ ಮಾಡುವಾಗ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮನೆ ನಡೆಯುತ್ತಿದ್ದುದು ಇವಳ ಕೂಲಿಯಿಂದ, ಈಚೆಗೆ ಮಗಳ ಸಂಬಳದಿಂದ.

ಭವ್ಯಾ ಮೂಡಿಗೆರೆಯಲ್ಲಿ ಶಶಿಕಿರಣನ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅವನಪ್ಪ ಬಸವರಾಜಪ್ಪ ಇದ್ದಾಗ ಅದು ಹಗ್ಗ, ಟಾರ್ಪಾಲು, ಕೊಡೆ ಮಾರುವ ಅಂಗಡಿ. ಅಪ್ಪ ಸತ್ತ ಮೇಲೆ ಮಗ ಗಾಜು ಹಾಕಿಸಿ, ಬೋರ್ಡು ಬದಲಿಸಿ, ಅದನ್ನು ಅಡ್ವೆಂಚರ್ ಸ್ಟೋರ್ ಮಾಡಿದ. ಟಾರ್ಪಾಲು ಟೆಂಟಾಯಿತು. ಬೆಂಗಳೂರಿನಿಂದ ಬೆಟ್ಟ ಹತ್ತಲು ಬರುವವರಿಗೆ ಬೂಟು, ಜಾಕೆಟ್, ಇಂಬಳ ಕಚ್ಚದಂತೆ ಮಂಡಿವರೆಗೆ ಏರುವ ಸಾಕ್ಸ್. ಇವನ್ನೆಲ್ಲ ಚೆಂದಕ್ಕೆ ವಿಡಿಯೋ ಮಾಡಿ, ಹಾಡು ಜೋಡಿಸಿ, ಇನ್‌ಸ್ಟಾಗ್ರಾಮಿಗೆ ಹಾಕುವುದು ಭವ್ಯಾಳ ಕೆಲಸ. ಕೈಚಳಕ ಇದ್ದ ಹುಡುಗಿ. ಸಾಕ್ಸಿಗೆ "ಇಂಬಳಕ್ಕೆ ಊಟ ಆಗಬೇಡಿ" ಅಂತ ಒಂದು ಸಾಲು ಬರೆದುಕೊಟ್ಟಾಗ ಶಶಿಕಿರಣ ಎದ್ದು ನಿಂತು ಚಪ್ಪಾಳೆ ತಟ್ಟಿದ್ದ.

ಕೆಲಸಕ್ಕೆ ಸೇರಿದ ದಿನ ಶಶಿಕಿರಣನ ಹೆಂಡತಿ ಶಿಲ್ಪಾ, "ಮನೆ ಎಲ್ಲಿ?" ಎಂದು ಕೇಳಿದ್ದಳು. "ಗೋಣಿಬೀಡು ಹತ್ರ ಮೇಡಂ, ಎಸ್ಟೇಟಲ್ಲೇ," ಎಂದಿದ್ದಳು ಭವ್ಯಾ. "ಓ, ತೋಟದೋರಾ," ಎಂದು ಶಿಲ್ಪಾ, ತೋಟದ ಒಡೆಯರ ಮಗಳೆಂದೇ ತಿಳಿದು, ಕುರ್ಚಿ ತೋರಿಸಿದಳು. ಭವ್ಯಾ ತಿದ್ದಲಿಲ್ಲ, ಕುರ್ಚಿಯ ಮೇಲೆ ಕೂತಳು. ಅಷ್ಟೇ ನಡೆದದ್ದು. ಆದರೆ ಆ ಕುರ್ಚಿಯಿಂದ ಏಳುವುದು ದಿನದಿನಕ್ಕೂ ಕಷ್ಟವಾಗುತ್ತ ಹೋಯಿತು.

ಜುಲೈನಲ್ಲಿ ಶಶಿಕಿರಣನಿಗೆ ಹೊಸ ಹುಮ್ಮಸ್ಸು ಬಂತು. ಸಾಕ್ಸ್ ಹಾಕಿದ ಕಾಲು ತೋರಿಸಿದರೆ ಸಾಲದು, ಹಾಕದ ಕಾಲನ್ನೂ ತೋರಿಸಬೇಕು. ದೇವರಮನೆ ದಾರಿಯ ಒಂದು ತೋಟದಲ್ಲಿ ಆಳುಗಳ ಲೆಕ್ಕ ಬರೆಯುವ ರೈಟ್ರು ರೇಣುಕಪ್ರಸಾದ್ ಅವನಿಗೆ ಪರಿಚಯ. ಒಂದು ಜಾಕೆಟ್ಟಿಗೆ ರೈಟ್ರು ಒಪ್ಪಿದರು. ಜೀಪಿನಲ್ಲಿ ಶಶಿಕಿರಣ, ಸಾಕ್ಸು ಬೂಟು ತೊಟ್ಟ ಶಿಲ್ಪಾ, ಫೋನು ಹಿಡಿದ ಭವ್ಯಾ ಹೋದರು.

ಆ ವಾರ ಅಲ್ಲಿಗೆ ಗೋಣಿಬೀಡಿನ ಹೆಂಗಸರನ್ನು ಕೆಲಸಕ್ಕೆ ತುಂಬಿಕೊಂಡು ಬಂದಿದ್ದಾರೆಂದು ಭವ್ಯಾಳಿಗೆ ಗೊತ್ತಿರಲಿಲ್ಲ. ರೈಟ್ರು ಸಾಲಿನತ್ತ ನೋಡಿ, "ಏ ತಂಗಮ್ಮ, ಬಾ ಇಲ್ಲಿ. ನಿನ್ ಕಾಲೇ ಸರಿ," ಎಂದು ಕರೆದರು.

ಮಳೆಗೆ ಹೊದ್ದ ಪ್ಲಾಸ್ಟಿಕ್ ಕೊಪ್ಪೆಯ ಒಳಗಿಂದ ತಂಗಮ್ಮನ ಮುಖ ಹೊರಬಂತು. ಮಗಳನ್ನು ಕಂಡು ಆ ಮುಖ ಅರಳಿತು. ಭವ್ಯಾ ತಕ್ಷಣ ತಲೆ ತಗ್ಗಿಸಿ ಫೋನಿನ ಗಾಜು ಒರೆಸತೊಡಗಿದಳು. ಒರೆಸಿದ್ದನ್ನೇ ಒರೆಸಿದಳು. ತಂಗಮ್ಮನ ಪಕ್ಕದಲ್ಲಿದ್ದ ಲೈನಿನ ತಿಮ್ಮಮ್ಮ, "ಅಲ್ಲೇ, ಇವ್ಳು ನಿನ್..." ಎಂದು ಬಾಯಿ ತೆರೆದಳು. ತಂಗಮ್ಮ ಅವಳ ರಟ್ಟೆ ಚಿವುಟಿದಳು. ಆಮೇಲೆ ಮಗಳ ಕಡೆ ತಿರುಗಿ, ಗುರುತಿಲ್ಲದವರನ್ನು ಕೇಳುವ ಹಾಗೆ ಕೇಳಿದಳು, "ಎಲ್ಲಿ ಕೂರ್ಲಿ ಮೇಡಂ?"

ಭವ್ಯಾ ಒಂದು ಕಲ್ಲು ತೋರಿಸಿದಳು.

"ಸೀರೆ ಸ್ವಲ್ಪ ಮೇಲೆ ಎತ್ಕೋಮ್ಮ," ಎಂದ ಶಶಿಕಿರಣ.

"ಬ್ಯಾಡಿ ಸ್ವಾಮಿ, ಗಂಡಸ್ರು ಅವ್ರೆ."

"ಮುಖ ಬರಲ್ಲಮ್ಮ, ಕಾಲು ಮಾತ್ರ. ಯಾರ್ದು ಅಂತ ಯಾರಿಗೆ ಗೊತ್ತಾಗತ್ತೆ? ಅಲ್ವಾ ಭವ್ಯಾ?"

"ಹೂಂ," ಎಂದಳು ಭವ್ಯಾ.

ತಂಗಮ್ಮ ಮಗಳನ್ನೊಮ್ಮೆ ನೋಡಿದಳು. ಸೀರೆಯನ್ನು ಮಂಡಿಯವರೆಗೆ ಎತ್ತಿದಳು. ಇಂಬಳಗಳು ರಕ್ತ ಕುಡಿದು ದಪ್ಪಗಾಗುವವರೆಗೆ ಕೀಳಬಾರದೆಂದು ಶಶಿಕಿರಣ ಹೇಳಿದ. ಅವಳು ಕೀಳಲಿಲ್ಲ. ಕೊನೆಗೆ ಸಂಕೋಚ ತಡೆಯಲಾಗದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಭವ್ಯಾ ಹಿಡಿದ ಫೋನು ಆಗ ಅವಳ ಮುಖದತ್ತ ತಿರುಗಿತ್ತು. ರೈಟ್ರಿಗೆ ಜಾಕೆಟ್ ಸಿಕ್ಕಿತು, ತಂಗಮ್ಮನಿಗೆ ಒಂದು ಬನ್ನು.

ಅವತ್ತು ಸಂಜೆ ಮನೆಯಲ್ಲಿ ತಾಯಿ ಅನ್ನ ಬಡಿಸುತ್ತ ಕೇಳಿದ್ದು ಒಂದೇ ಮಾತು: "ನಿನ್ ಕೆಲ್ಸಕ್ಕೇನೂ ತೊಂದ್ರೆ ಆಗ್ಲಿಲ್ವಲ್ಲ ಮಗಾ?" ಭವ್ಯಾ ಇಲ್ಲ ಅಂದಳು. ತಾಯಿ ಬೈದಿದ್ದರೆ ತುತ್ತು ಇಳಿಯುತ್ತಿತ್ತೇನೋ.

ಮರುದಿನ ವಿಡಿಯೋ ಕತ್ತರಿಸುವಾಗ ಭವ್ಯಾ ಆ ನಗುವನ್ನು ತೆಗೆದಳು. ಶಶಿಕಿರಣ ಹಿಂದೆ ಬಂದು ನಿಂತ. "ಏಯ್, ಅದನ್ನ ಯಾಕೆ ತೆಗೀತಿ? ಅದೇ ಮಜಾ ಇರೋದು. ಹಾಕು."

"ಮುಖ ಬರಲ್ಲ ಅಂತ ಹೇಳಿದ್ವಿ ಸರ್."

"ಆಯಮ್ಮ ಎಲ್ಲಿ ನೋಡ್ತಾಳೆ ಮಾರಾಯ್ತಿ. ಅವ್ಳ ಹತ್ರ ಫೋನಿದ್ಯಾ?"

ಅವಳ ಹತ್ತಿರ ಫೋನಿರಲಿಲ್ಲ, ನಿಜ. ಅದನ್ನು ಭವ್ಯಾಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಇವರು ನಮ್ಮವ್ವ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹಿಂದೆಯೇ ಕುರ್ಚಿ, ಸಂಬಳ, ಅಪ್ಪನ ಔಷಧಿ, ಶಿಲ್ಪಾಳ ಹುಬ್ಬು ಎಲ್ಲ ಬಂದವು. ಮಾತು ಹಿಂದಕ್ಕೆ ಹೋಯಿತು. ಒಂದು ಕಡೆ ಶಿಲ್ಪಾಳ ಹೊಸ ಬೂಟು, ಇನ್ನೊಂದು ಕಡೆ ರಕ್ತ ಇಳಿಯುವ ಕಾಲು, ಬಾಯಿ ಮುಚ್ಚಿ ನಗುವ ತಾಯಿ, ಮೇಲೆ ತಾನೇ ಬರೆದ ಸಾಲು. ಇಂಬಳಕ್ಕೆ ಊಟ ಆಗಬೇಡಿ. ಭವ್ಯಾ ತನ್ನ ಬೆರಳಿನಿಂದಲೇ ಅದನ್ನು ಲೋಕಕ್ಕೆ ಕಳಿಸಿದಳು.

ಲೋಕ ಬಿದ್ದು ಬಿದ್ದು ನಕ್ಕಿತು. ಛೀ ಎಂದರು, ವಾಂತಿ ಬರುತ್ತದೆ ಎಂದರು, ಈ ಆಂಟಿಯನ್ನು ಇಂಬಳವೇ ಮದುವೆಯಾಗಲಿ ಎಂದರು. ಸಾಕ್ಸ್ ಖಾಲಿಯಾದವು. ಗೋಣಿಬೀಡಿನ ಬಸ್‌ಸ್ಟ್ಯಾಂಡಿನಲ್ಲಿ ತಂಗಮ್ಮ ಇಳಿದರೆ ಪಡ್ಡೆಗಳು ಆ ವಿಡಿಯೋ ಹಾಕಿ ಫೋನಿನ ಸದ್ದು ಜೋರು ಮಾಡತೊಡಗಿದರು. ಕಾಲು ತೋರಿಸಿದವಳು ಎಂಬ ಹೆಸರು ಬಂತು. ಹೆಂಗಸರ ಸಂಘದ ಸಭೆಗೆ ಹೋಗುವುದನ್ನು ಅವಳು ಬಿಟ್ಟಳು. ಮಳೆ ಇಲ್ಲದಾಗಲೂ ಕೊಪ್ಪೆ ಹೊದ್ದು ನಡೆದಳು.

"ಮುಖ ಬರಲ್ಲ ಅಂದಿದ್ರಲ್ಲ," ಎಂದು ಮಗಳನ್ನು ಕೇಳಿದಳು.

"ಸರ್ ಹಾಕ್ಸಿದ್ದವ್ವ."

"ಹಾಕಿದ್ ಕೈ ಯಾರ್ದು?"

ಭವ್ಯಾ ಗೋಡೆ ನೋಡಿದಳು.

ತಿಮ್ಮಮ್ಮನಿಗೆ ಇದೆಲ್ಲ ಸಹಿಸಲಾಗಲಿಲ್ಲ. "ಇವತ್ತು ನಿನ್ ಕಾಲು, ನಾಳೆ ನನ್ದು. ನಡಿ, ಕೇಳಾನ," ಎಂದು ಸಂತೆಯ ದಿನ ಲೈನಿನ ಹೆಂಗಸರನ್ನೆಲ್ಲ ಹೊರಡಿಸಿಕೊಂಡು ಅಂಗಡಿಗೆ ಬಂದಳು. ಕೊಡೆಗಳಿಂದ ನೀರು ಸುರಿಯುತ್ತಿತ್ತು. "ಕೊಡೆ ಹೊರಗಿಡ್ರಿ!" ಎಂದು ಶಿಲ್ಪಾ ಕೂಗಿದಳು. ಯಾರೂ ಇಡಲಿಲ್ಲ. ಗಲ್ಲಾದ ಹತ್ತಿರ ಸ್ಟೂಲಿನ ಮೇಲೆ ಶಶಿಕಿರಣನ ತಾಯಿ ಕಲ್ಲಮ್ಮನವರು ವಿಭೂತಿ ಹಚ್ಚಿಕೊಂಡು ಕೂತಿದ್ದರು.

ತಂಗಮ್ಮ ಭವ್ಯಾ ಕೂತಿದ್ದ ಕುರ್ಚಿಯ ಮುಂದೆ ಬಂದಳು. ಈಗಲೂ ಮಗಳ ಹೆಸರು ಹಿಡಿಯಲಿಲ್ಲ. "ಮೇಡಂ, ಅದನ್ನ ತೆಗ್ದು ಬಿಡಿ. ನಂಗೆ ಊರಲ್ಲಿ ತಲೆ ಎತ್ತಕ್ಕಾಯ್ತಿಲ್ಲ."

"ಒಪ್ಪಿ ತಾನೇ ಕೂತಿದ್ದು?" ಶಶಿಕಿರಣ ಎದ್ದ. "ಅದ್ರಲ್ಲಿ ತಪ್ಪೇನಿದೆ? ಕಾಲು ತಾನೇ?"

"ಕಾಲು ತಾನೇ," ಎಂದಳು ತಿಮ್ಮಮ್ಮ. "ಹಂಗಾರೆ ನಿಮ್ಮ ಅಮ್ಮಾರ್‍ನ ಕೂರ್ಸಿ, ಸೀರೆ ಎತ್ಸಿ, ಹಿಡ್ಕೊಳ್ಳಿ. ಇಂಬಳ ನಾವ್ ತಂದ್ಕೊಡ್ತೀವಿ."

ಕಲ್ಲಮ್ಮನವರ ಎರಡೂ ಪಾದ ಸರಕ್ಕನೆ ಸ್ಟೂಲಿನ ಅಡಿಗೆ ಹೋದವು, ಕೈ ಸೀರೆಯ ಅಂಚನ್ನು ಕೆಳಗೆಳೆಯಿತು. ಅಂಗಡಿಯಲ್ಲಿದ್ದ ಎಲ್ಲರೂ ಅದನ್ನು ಕಂಡರು.

"ನಮ್ಮಮ್ಮನ ಸುದ್ದಿಗೆ ಬಂದ್ರೆ ಹುಷಾರ್!" ಶಶಿಕಿರಣ ಮೇಜು ಕುಟ್ಟಿದ.

"ಸರ್," ಎಂದಳು ಭವ್ಯಾ. ಕುರ್ಚಿಯಿಂದ ಎದ್ದು ನಿಂತಳು. "ಇವ್ರು ನಮ್ಮವ್ವ."

ಶಿಲ್ಪಾಳ ಹುಬ್ಬು ಏರಿತು. ಶಶಿಕಿರಣ ತಂಗಮ್ಮನನ್ನೂ ಭವ್ಯಾಳನ್ನೂ ನೋಡಿದ. ಅವನಿಗೆ ನಾಚಿಕೆಯಾಗಬಹುದೆಂದು ಭವ್ಯಾ ಒಂದು ಕ್ಷಣ ನಂಬಿದಳು. ಅವನ ಮುಖ ಬೆಳಗಿತು.

"ಅಯ್ಯೋ, ಮೊದ್ಲೇ ಹೇಳ್ಬಾರ್ದಾ ಮಾರಾಯ್ತಿ! ತಾಯಿ ಕಾಲಿಗೆ ಮಗಳೇ ಸಾಕ್ಸ್ ಹಾಕೋದು! ಜನ ಅತ್ತೇ ಬಿಡ್ತಾರೆ. ಶಿಲ್ಪಾ, ಫೋನ್ ತಗೊ. ಭವ್ಯಾ, ಇನ್ನೊಂದ್ಸಲ ಹಾಗೇ ಹೇಳು, ಅಮ್ಮನ ಕಡೆ ನೋಡ್ಕೊಂಡು. ಸಾಕ್ಸ್ ಫ್ರೀ ಕೊಡ್ತೀನಿ ಕಣಮ್ಮ!"

ಶಿಲ್ಪಾ ಫೋನು ಎತ್ತಿದಳು. ತಿಮ್ಮಮ್ಮ ಅದರ ಮುಂದೆ ನಿಂತು ಫಟ್ಟೆಂದು ಕೊಡೆ ಬಿಚ್ಚಿದಳು. ಪಕ್ಕದವಳೂ ಬಿಚ್ಚಿದಳು. ಒಂದರ ಹಿಂದೊಂದು ಕಪ್ಪು ಕೊಡೆಗಳು ಅಂಗಡಿ ತುಂಬ ತೆರೆದುಕೊಂಡವು. ಬೂಟುಗಳ ರ್‍ಯಾಕು ಒದ್ದೆಯಾಯಿತು, ಶಿಲ್ಪಾಳ ಕನ್ನಡಕಕ್ಕೂ ನೀರು ಸಿಡಿಯಿತು. ಫೋನಿಗೆ ಕೊಡೆ ಬಿಟ್ಟು ಬೇರೇನೂ ಕಾಣುವಂತಿರಲಿಲ್ಲ.

"ಹೊರಗೆ ಹೋಗ್ರಿ! ಪೊಲೀಸ್ರನ್ನ ಕರೀತೀನಿ!" ಶಶಿಕಿರಣ ಆಚೆಯಿಂದ ಕಿರುಚುತ್ತಿದ್ದ.

"ಕರೀರಿ ಸ್ವಾಮಿ, ಅವ್ರ್‍ಗೂ ಕಾಲು ಅವೆ," ಎಂದಳು ತಿಮ್ಮಮ್ಮ.

ಕೊಡೆಗಳ ಈಚೆ ತಾಯಿ ಮಗಳು ಇಬ್ಬರೇ ಉಳಿದರು. ಭವ್ಯಾ ತನ್ನ ಫೋನಿನಿಂದಲೇ ಅಂಗಡಿಯ ಪುಟದ ಆ ವಿಡಿಯೋ ಅಳಿಸಿದಳು. ಅಷ್ಟರಲ್ಲಿ ಅದು ಯಾರ್‍ಯಾರ ಪುಟದಲ್ಲೋ ಓಡುತ್ತಿತ್ತು, ಅದು ಅವಳಿಗೂ ಗೊತ್ತಿತ್ತು.

"ಅಳ್ಸ್ದೆ ಅವ್ವ. ನನ್ನಿಂದ ತಪ್ಪಾಯ್ತು. ಈ ಕೆಲ್ಸಾನೂ ಬ್ಯಾಡ ನಂಗೆ."

ತಂಗಮ್ಮ ಮಗಳ ಮುಖವನ್ನು ನೇರವಾಗಿ ನೋಡಿದಳು.

"ಅವತ್ತು ತೋಟದಲ್ಲಿ ನೀನು ಒಂದ್ಸಲ ಅವ್ವ ಅಂದಿದ್ರೆ ನಾನು ಸೀರೆ ಎತ್ತಿರ್ತಿರ್ಲಿಲ್ಲ ಮಗಾ," ಎಂದಳು. "ನಾನು ಆಗಲ್ಲ ಅಂದ್ರೆ ನಿನ್ ಕೆಲ್ಸ ಹೋಗ್ತದೇನೋ ಅಂತ ಎತ್ತಿದ್ದು."