ಹನ್ನೊಂದನೆಯ ಸರ್

ನನ್ನ ಮಾವ ಸರ್ ಡೆಸ್ಮಂಡ್ ಐರ್ಲೆಂಡಿನಿಂದ ಆಮ್ಸ್ಟೆಲ್‌ವೀನ್ ಎಂಬ ಡಚ್ ಊರಿನ ನಮ್ಮ ಮನೆಗೆ ಬಂದಿಳಿದದ್ದು ಒಂದು ಸೂಟ್‌ಕೇಸು, ಒಂದು ವಂಶಾವಳಿಯ ಪುಸ್ತಕ ಹಿಡಿದುಕೊಂಡು. ಜಮೀನು ಹೋಗಿ ಎರಡು ತಲೆಮಾರಾಗಿದೆ, ಬಂಗಲೆ ಈಗ ಹೋಟೆಲ್ಲು. ಹೆಸರಿಗೆ ಅಂಟಿಕೊಂಡ ‘ಸರ್’ ಮಾತ್ರ ಅಪ್ಪನಿಂದ ಮಗನಿಗೆ ಇಳಿಯುತ್ತಲೇ ಇದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ.

ಪುಸ್ತಕವನ್ನು ನಾನೂ ಓದಿದೆ. ಮೊದಲನೆಯ ಸರ್ ಡಬ್ಲಿನ್ನಿನ ಪಾರ್ಲಿಮೆಂಟನ್ನೇ ಮುಚ್ಚಿಸಲು ತನ್ನ ಓಟು ಮಾರಿಕೊಂಡು ಬಿರುದು ಪಡೆದ. ನಾಲ್ಕನೆಯವನು ಆಲೂಗಡ್ಡೆ ಬರಗಾಲದಲ್ಲಿ ಗೇಣಿದಾರರ ಗುಡಿಸಿಲುಗಳ ಸೂರು ಕೀಳಿಸಿ ಅಲ್ಲಿ ಕುರಿ ಮೇಯಿಸಿದ. ಆರನೆಯವನು ಸತ್ತ ಅಣ್ಣನಿಗೂ ಅಡುಗೆಯವಳಿಗೂ ಮದುವೆಯೇ ಆಗಿರಲಿಲ್ಲ ಎಂದು ಸಾಧಿಸಿ, ಅವರ ಮಗನನ್ನು ಹೊರಹಾಕಿ, ಬಿರುದನ್ನು ತಾನು ಬಾಚಿಕೊಂಡ. ಪುಸ್ತಕ ಇದನ್ನೆಲ್ಲ ದೂರದೃಷ್ಟಿ ಎನ್ನುತ್ತದೆ. ಓದಿ ಮುಗಿಸಿ ಸೋಪು ಹಾಕಿ ಕೈ ತೊಳೆದುಕೊಂಡೆ.

ನನಗೆ ಆಗ ಏಳು ತಿಂಗಳು. ಸ್ಕ್ಯಾನಿನಲ್ಲಿ ಗಂಡೆಂದು ಗೊತ್ತಾಗಿತ್ತು. ಈ ದೇಶದಲ್ಲಿ ಹೇಳುತ್ತಾರೆ. ಮಾವ ಬಂದದ್ದೇ ಅದಕ್ಕೆ. ನಾನೂ ಅವರ ಮಗ ಫಿಂಟನ್ನೂ ಮದುವೆಯಾದವರಲ್ಲ, ಇಲ್ಲಿಯ ಎಷ್ಟೋ ಜನರಂತೆ ಖೆಮೇಂಟೆಯಲ್ಲಿ, ಅಂದರೆ ನಗರಸಭೆಯಲ್ಲಿ, ಜೊತೆಗಾರರೆಂದು ನೋಂದಾಯಿಸಿಕೊಂಡವರು. ಡಚ್ ಕಾನೂನಿಗೆ ಅಷ್ಟು ಸಾಕು. ಬಿರುದಿಗೆ ಸಾಲದು, ಅದು ಮದುವೆಯ ನಂತರ ಹುಟ್ಟಿದ ಗಂಡಿಗೆ ಮಾತ್ರ. ನಾವು ಈಗ ಮದುವೆಯಾದರೂ ನಾಲ್ಕು ವರ್ಷದ ನಮ್ಮ ಮಗ ಚಿನ್ಮಯ್‌ಗೆ ಸಿಗದು. ಹೆರಿಗೆಗೆ ಮುಂಚೆ ಸಹಿ ಹಾಕಿ ನೋಂದಣಿಯನ್ನು ಮದುವೆಯಾಗಿ ಬದಲಿಸಿದರೆ ಹೊಟ್ಟೆಯಲ್ಲಿರುವವನು ಮುಂದೆ, ಫಿಂಟನ್ ನಂತರ, ಹನ್ನೊಂದನೆಯ ಸರ್. ಅಣ್ಣನಿಗೆ ಆ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ.

ಮೈಸೂರಿನಿಂದ ನಮ್ಮಪ್ಪ ಅನಂತರಾಮ ಕೂಡ ಬಂದರು. ತಾಳಿಯಿಲ್ಲದ ಸಂಸಾರವೆಂದು ಐದು ವರ್ಷ ನನ್ನ ಫೋನೆತ್ತದವರು, ಮೊಮ್ಮಗನ ಮುಖ ನೋಡದವರು, ‘ಸರ್’ ಸುದ್ದಿ ಕಿವಿಗೆ ಬಿದ್ದದ್ದೇ ವೀಸಾಕ್ಕೆ ಓಡಿದ್ದರು. ಇಬ್ಬರು ಅಜ್ಜಂದಿರೂ ಸೋಫಾದಲ್ಲಿ ಕೂತು, ಒಬ್ಬರು ಗೋತ್ರ ಇನ್ನೊಬ್ಬರು ಲಾಂಛನ ವಿವರಿಸುವಾಗ ಚಿನ್ಮಯ್ ಅವರ ಕಾಲ ಬಳಿ ಆಟದ ರೈಲು ಓಡಿಸುತ್ತಿದ್ದ. ರೈಲಿಗೆ ದಾರಿ ಬಿಡಲು ಕಾಲು ಎತ್ತಿದರೇ ಹೊರತು ಒಬ್ಬರೂ ಅವನನ್ನು ಎತ್ತಿಕೊಳ್ಳಲಿಲ್ಲ.

ಅಪ್ಪ ನನ್ನನ್ನು ಅಡುಗೆಮನೆಗೆ ಕರೆದರು. “ಒಂದ್ ಸೈನ್ ಅಷ್ಟೇ ಮೈಥಿಲಿ. ಆ ಮಗೂದು ಹೇಗೂ ಆಗೋಯ್ತು. ಇದಕ್ಕಾದ್ರೂ ಒಂದು ಮರ್ಯಾದೆ ಸಿಗ್ಲಿ.”

ಹೆತ್ತಪ್ಪ ಕುಡಿದಿಟ್ಟ ಕಾಫಿ ಲೋಟವನ್ನು ಎರಡೆರಡು ಸಲ ತೊಳೆದಿಟ್ಟೆ.

ಫಿಂಟನ್ ಮಾತ್ರ ಬಿರುದೆಲ್ಲ ಬೊಗಳೆ ಎಂದ. ಆದರೆ ತನ್ನ ಅಪ್ಪನಿಗೆ ವಯಸ್ಸಾಗಿದೆ, ಬರೀ ಕಾಗದ, ಚಿನ್ಮಯ್ ನಮಗೆ ಯಾವತ್ತೂ ಮೊದಲನೆಯವನೇ ಎಂದ. ಅವನನ್ನು ನಂಬಿ ಹ್ಞೂಂ ಅಂದೆ.

ಗುರುವಾರ ಎಲ್ಲರೂ ಖೆಮೇಂಟೆಗೆ ಹೋದೆವು. ಚಿನ್ಮಯ್ ಫಿಂಟನ್‌ನ ಬೆರಳು ಹಿಡಿದು ನಿಂತಿದ್ದ. ಕೌಂಟರಿನ ಹೆಂಗಸು ನನ್ನ ಹೊಟ್ಟೆ ನೋಡಿ ನಕ್ಕು, ಇದು ಎಷ್ಟನೆಯದು ಎಂದು ಇಂಗ್ಲಿಷಿನಲ್ಲೇ ವಿಚಾರಿಸಿದಳು. ನಾನು ಬಾಯಿ ತೆರೆಯುವ ಮೊದಲೇ ಮಾವ, ಮೊದಲನೆಯದು ಎಂದುಬಿಟ್ಟರು. ನಮ್ಮಪ್ಪ ತಲೆಯಾಡಿಸಿದರು.

ನಾನು ಫಿಂಟನ್ ಮುಖ ನೋಡಿದೆ. ಒಂದು ಮಾತು ಸಾಕಿತ್ತು. ಅವನು ತನ್ನ ಬೆರಳು ಬಿಡಿಸಿಕೊಂಡು ಪೆನ್ನು ತೆಗೆದುಕೊಂಡ.

ಸಹಿ ಹಾಕುವುದಿಲ್ಲ ಎಂದೆ. ಹಾಗಾದರೆ ಬಿರುದಿನ ಗತಿಯೇನು ಎಂದು ಮಾವ ಕೇಳಿದರು.

“ನಿಮ್ಮ ಮಗನ ಜೊತೆಗೇ ಮಣ್ಣಾಗಲಿ.”

ಚಿನ್ಮಯ್‌ನನ್ನು ಕರೆದುಕೊಂಡು ಟ್ರಾಮ್ ಹತ್ತಿದೆ. ಫಿಂಟನ್ ಓಡಿ ಬಂದು ಪಕ್ಕದಲ್ಲಿ ಕೂತ, ತಪ್ಪಾಯಿತೆಂದ, ಎಂದಿನಂತೆ ಹೊಟ್ಟೆಯ ಮೇಲೆ ಕೈಯಿಡಲು ಬಂದ. ಆ ಕೈಯನ್ನು ನಾನು ಮುಟ್ಟಿಸಿಕೊಳ್ಳಲಾರದೆ ಹೋದೆ.