ಮೂಗಿನವರೆಗೆ ಬಂದ ಚೆಂಡು

"ಇನ್ನೊಂದ್ಸಲ!" ಎಂದು ನಿರ್ದೇಶಕ ಹಾಲರನ್ ಕೂಗಿದ. "ಭಲೇ ಮಾರಾಯ! ಹೆದರೋದು ಅಂದ್ರೆ ಹೀಗೆ ಹೆದರ್ಬೇಕು!"

ಎಲ್ಮರ್ ಪ್ರೊಕಾಪ್ ನೆಲದಿಂದೆದ್ದು ಪ್ಯಾಂಟಿನ ಮಣ್ಣು ಕೊಡವಿಕೊಂಡ. ಚೆಂಡು ಎಸೆಗಾರ ವರ್ನನ ಕೈಬಿಡುವ ಮೊದಲೇ ಅವನು ಕೆಳಗೆ ಬಿದ್ದಿದ್ದ. ಪ್ರೇಕ್ಷಕರಾಗಿ ಕೂರಲು ದಿನಗೂಲಿಗೆ ಬಂದವರು ಗ್ಯಾಲರಿಯಲ್ಲಿ ಇನ್ನೂ ನಗುತ್ತಿದ್ದರು. ಅವರ ನಡುವೆ ಅವನ ಹೆಂಡತಿ ಹೇಜಲ್ ಕೂಡ ಇದ್ದಳು.

ಅದು ತಮಾಷೆಯ ಚಿತ್ರ. ಗಾಳಿಯ ಗುಟ್ಟು ತಿಳಿದ ವಿಜ್ಞಾನಿಯೊಬ್ಬ ಬೇಸ್‌ಬಾಲ್ ತಂಡ ಸೇರುತ್ತಾನೆ. ಅವನೆಸೆದ ಚೆಂಡು ಬ್ಯಾಟುಗಾರನ ಮೂಗಿನವರೆಗೆ ಬಂದು, ಏನೋ ಮರೆತವರ ಹಾಗೆ ಪಕ್ಕಕ್ಕೆ ತಿರುಗಿ ಹೋಗುತ್ತದೆ. ಆ ಚಮತ್ಕಾರವನ್ನು ಸ್ಟುಡಿಯೋದಲ್ಲಿ ಆಮೇಲೆ ಸೇರಿಸುತ್ತಾರೆ. ಇಲ್ಲಿ, ಲಾಸ್ ಏಂಜಲೀಸ್‌ನ ಬಿಸಿಲಿನಲ್ಲಿ, ಚಿತ್ರದ ನಾಯಕನಟನ ಬದಲು ವರ್ನ್ ನಿಜವಾದ ಚೆಂಡನ್ನೇ ಎಸೆಯಬೇಕು. ಎಲ್ಮರ್ ಬ್ಯಾಟು ಹಿಡಿದು ನಿಲ್ಲಬೇಕು.

ಕೆಲವು ವರ್ಷಗಳ ಹಿಂದೆ ಟೊಲೀಡೊದ ಪಂದ್ಯವೊಂದರಲ್ಲಿ ಹೀಗೇ ನಿಂತಿದ್ದಾಗ ಚೆಂಡು ಅವನ ಎಡಗಿವಿಯ ಮೇಲೆ ಬಡಿದಿತ್ತು. ಎಚ್ಚರವಾದಾಗ ಪಕ್ಕದಲ್ಲಿ ಕೂತಿದ್ದ ಹೇಜಲ್‌ಳ ಹೆಸರೇ ನೆನಪಾಗಿರಲಿಲ್ಲ. ಹೆಸರೇನೋ ಮರಳಿ ಬಂತು. ಆದರೆ ಅಂದಿನಿಂದ ಅವನು ಬ್ಯಾಟು ಮುಟ್ಟಿರಲಿಲ್ಲ. ಹಳೆಯ ಆಟಗಾರರು ಬೇಕೆಂದು ಸ್ಟುಡಿಯೋದವರು ಕರೆದಾಗ, ಸಿನಿಮಾ ತಾನೇ ಎಂದುಕೊಂಡು ಬಂದಿದ್ದ.

ಅವನು ವರ್ನನ ಬಳಿಗೆ ನಡೆದ. "ಸ್ವಲ್ಪ ಆಚೆಗೆ ಎಸಿಯಪ್ಪ."

"ಆಚೆ ಹೋದ್ರೆ ನನಗೆ ಬಯ್ತಾರೆ, ಎಲ್ಮರ್. ಅದಿರ್ಲಿ, ಎಷ್ಟು ಚೆನ್ನಾಗಿ ನಟಿಸ್ತೀರಿ ನೀವು! ಎಲ್ಲಿ ಕಲಿತ್ರಿ?"

"ಟೊಲೀಡೊದಲ್ಲಿ."

ಎರಡನೇ ಸಲವೂ ಚೆಂಡು ಬರುವ ಮೊದಲೇ ಅವನು ನೆಲಕ್ಕೆ ಬಿದ್ದ. ಗ್ಯಾಲರಿ ಮತ್ತೆ ನಕ್ಕಿತು. ನಿರ್ದೇಶಕನ ಸಹಾಯಕ ಕಹಳೆಯಂಥ ಕೊಳವೆ ಹಿಡಿದು ಅರಚಿದ: "ಏಯ್, ನೀಲಿ ಟೋಪಿಯಮ್ಮಾ! ನಗ್ರೀ!"

ಹೇಜಲ್ ಎದ್ದು ನಿಂತಳು. "ನಗು ಬರ್ತಿಲ್ಲ."

"ಬರಿಸ್ಕೊಳ್ಳಿ! ಕೂಲಿ ಕೊಡೋದು ಮತ್ಯಾಕೆ?"

ಅವಳು ಕೂತಳು. ಎಲ್ಮರನನ್ನೇ ನೋಡುತ್ತ ಬಾಯಿ ತೆರೆದು ಹಲ್ಲು ತೋರಿಸಿದಳು.

ಎಲ್ಮರ್ ತಲೆ ತಿರುಗಿಸಿ ತನ್ನ ಜಾಗಕ್ಕೆ ಬಂದು ನಿಂತ. ವರ್ನ್ ಕಾಲೆತ್ತಿದ, ಕೈ ಬೀಸಿದ. ಬಿಳಿಯ ಚುಕ್ಕೆಯೊಂದು ಹಿಗ್ಗುತ್ತ ಹಿಗ್ಗುತ್ತ, ಹೊಲಿಗೆಯ ಕೆಂಪು ದಾರ ಕಾಣುವಷ್ಟು ಹತ್ತಿರ ಬಂತು. ಗಾಳಿ ಮೂಗಿಗೆ ತಗಲಿತು. ಹಿಂದೆ ಚೆಂಡು ಹಿಡಿಯಲು ಕೂತಿದ್ದವನ ಕೈಗವಸಿಗೆ ಅದು ಫಟ್ಟೆಂದು ಬಿತ್ತು. ಅವನು ನಿಂತೇ ಇದ್ದ.

ಯಾರೂ ನಗಲಿಲ್ಲ.

ಹಾಲರನ್ ದಾಪುಗಾಲು ಹಾಕುತ್ತ ಬಂದ. "ಏನಾಯ್ತಯ್ಯಾ? ಮೊದಲಿನ ಹಾಗೆ ಹೆದರ್ಕೋ."

"ಮೊದಲಿಗಿಂತ ಜಾಸ್ತಿನೇ ಹೆದರಿದೀನಿ."

"ಮುಖದಲ್ಲಿ ಕಾಣ್ತಿಲ್ವಲ್ಲ!"

ಎಲ್ಮರ್ ಬ್ಯಾಟನ್ನು ಇನ್ನೂ ಬಿಗಿಯಾಗಿ ಹಿಡಿದ.

"ಹೋಗ್ಲಿ, ಮೊದಲನೇದೇ ಇಟ್ಕೊಳ್ಳೋಣ. ಎಲ್ರೂ ಊಟಕ್ಕೆ ಹೋಗಿ!"

ಜನ ಗ್ಯಾಲರಿಯಿಂದ ಇಳಿಯತೊಡಗಿದರು. ಸಾಮಾನು ನೋಡಿಕೊಳ್ಳುವವನು ಬಂದು ಬ್ಯಾಟಿಗೆ ಕೈ ಹಾಕಿ ಎಳೆದ. ಅದು ಬರಲಿಲ್ಲ.

"ಬಿಡ್ರೀ, ಮುಗೀತು."

"ಬಿಡೋಕಾಗ್ತಿಲ್ಲ," ಎಂದ ಎಲ್ಮರ್ ಮೆಲ್ಲಗೆ.

ಅಷ್ಟರಲ್ಲಿ ಬೇಲಿ ದಾಟಿ ಬಂದ ಹೇಜಲ್ ಏನೂ ಕೇಳಲಿಲ್ಲ. ಅವನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು, ಕಿರುಬೆರಳಿನಿಂದ ಶುರುಮಾಡಿ, ಒಂದೊಂದಾಗಿ ಬಿಡಿಸತೊಡಗಿದಳು.