ಲಾಕ್ಲನ್‌ನ ಕೊನೇ ಬೆಟ್ಟ

ಮೂರು ಸಾವಿರ ಅಡಿ ದಾಟಿದ ಬೆಟ್ಟಗಳನ್ನೆಲ್ಲ ಒಂದೂ ಬಿಡದೆ ಹತ್ತಿ ಮುಗಿಸುವ ಹುಚ್ಚು ಸ್ಕಾಟ್ಲೆಂಡಿನಲ್ಲಿ ಬಹಳ ಜನಕ್ಕಿದೆ. ಲಾಕ್ಲನ್‌ಗಂತೂ ಅದು ಮದುವೆಗಿಂತ ಹಳೇ ಹುಚ್ಚು. ಅದರಲ್ಲೂ ಎಂಥ ಹಟ ಅಂತೀರಿ! ತುತ್ತತುದಿಯ ಕಲ್ಲು ಮುಟ್ಟದೆ 'ಹತ್ತಿದೆ' ಅನ್ನುವುದು ಅವನ ಪ್ರಕಾರ ಶುದ್ಧ ಕಳ್ಳತನ. ಇದೇ ವಿಷಯಕ್ಕೆ ಜೀವದ ಗೆಳೆಯ ಡೂಗಲ್ ಜೊತೆ ಒಂದು ವರ್ಷ ಮಾತು ಬಿಟ್ಟಿದ್ದ. ಈಗ ಬೆನ್ ಲಿಯಾರ್ಗ್ ಅನ್ನುವ ಬೆಟ್ಟ ಒಂದೇ ಬಾಕಿ. ಅಷ್ಟರಲ್ಲಿ ಶ್ವಾಸಕೋಶ ಕೈಕೊಟ್ಟಿತ್ತು. ಮುಂದಿನ ಬೇಸಿಗೆಯ ಮಾತನ್ನು ಡಾಕ್ಟರು ಎತ್ತಲಿಲ್ಲ, ಇವನೂ ಕೇಳಲಿಲ್ಲ.

ಕೊನೇ ಬೆಟ್ಟಕ್ಕೆ ಗೆಳೆಯರೆಲ್ಲ ಜೊತೆಗೆ ಹತ್ತುವುದು ವಾಡಿಕೆ. ಲಾಕ್ಲನ್ ಬೇಡವೆಂದ. ತಾನು ಮಾರಿಗೊಂದು ಸಲ ಕೂರುವುದನ್ನು ಅವರು ನೋಡಬಾರದು, ಅಷ್ಟೆ. ಡೂಗಲ್ ಮತ್ತವನ ಹೆಂಡತಿ ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲಿ ಕೇಕು, ವಿಸ್ಕಿ ಇಟ್ಟುಕೊಂಡು ಕಾಯುವುದೆಂದಾಯಿತು. ಲಾಕ್ಲನ್ ಜೊತೆ ಮೇಲಕ್ಕೆ ಅವನ ಹೆಂಡತಿ ಇಶ್ಬೆಲ್ ಒಬ್ಬಳೇ.

"ದಾರಿ ನೀನೇ ನೋಡು. ನನಗೆ ಉಸಿರಾಡೋದೇ ಒಂದು ಕೆಲಸ ಆಗಿದೆ" ಅಂತ ನಕಾಶೆಯನ್ನು ಮೊದಲ ಸಲ ಅವಳ ಕೈಗೆ ಕೊಟ್ಟಿದ್ದ. ಪಾಪ, ಎಲ್ಲರೂ ಮಾಡುವುದನ್ನೇ ಅವಳೂ ಮಾಡಿದಳು. ಸರ್ವೆಯವರು ಅಳತೆಗೆಂದು ಬೆಟ್ಟದ ಮೇಲೆ ನೆಟ್ಟ ಕಾಂಕ್ರೀಟು ಕಂಬದ ಗುರುತು, ಆ ಪುಟ್ಟ ತ್ರಿಕೋನ, ನಕಾಶೆಯಲ್ಲಿ ಎಲ್ಲಿದೆ ಅಂತ ಹುಡುಕಿ ಅದಕ್ಕೊಂದು ಸಲೀಸು ದಾರಿ ಹಿಡಿದಳು. ಕಂಬ ಇದ್ದಲ್ಲಿ ತುದಿ. ಬೆಟ್ಟ ಹತ್ತುವವರ ತಲೆಯಲ್ಲಿ ಅದು ಹಾಗೇ ಕೂತುಬಿಟ್ಟಿದೆ.

ಮಂಜು ಕವಿದಿತ್ತು.

"ಏಳು ಮುದುಕಾ, ಕುರಿಗಳು ನಗ್ತಿವೆ" ಅಂದಳು ಇಶ್ಬೆಲ್, ಅವನು ಮತ್ತೆ ಕೂತಾಗ.

"ಅವಕ್ಕೇನಮ್ಮಾ, ನಾಲ್ಕು ಕಾಲಿದೆ" ಅಂದು ಲಾಕ್ಲನ್ ಕೆಮ್ಮಿದ. ಕೆಮ್ಮು ನಿಲ್ಲಲು ಬಹಳ ಹೊತ್ತು ಬೇಕಾಯಿತು.

ಕೊನೆಗೂ ಮಂಜಿನೊಳಗಿಂದ ಕಂಬ ಕಾಣಿಸಿತು. ಲಾಕ್ಲನ್ ಅದನ್ನು ತಬ್ಬಿಕೊಂಡೇ ನಿಂತ. "ಮುಗೀತು ಕಣೇ" ಅಂದ. ಇಬ್ಬರೂ ಅತ್ತರು. ಇಷ್ಟು ಹತ್ತಿದವನು ಇನ್ನೂ ನಾಲ್ಕು ದಿನ ಬಾಳದೆ ಇರುತ್ತಾನೆಯೇ ಅಂತ ಇಶ್ಬೆಲ್‌ಗೆ ಆಸೆ ಚಿಗುರಿತು.

ಅಷ್ಟರಲ್ಲಿ ಗಾಳಿ ಬೀಸಿ ಮಂಜು ಸರಿಯಿತು. ಎದುರಿಗೆ ಒಂದು ಆಳವಾದ ತಗ್ಗು, ಅದರಾಚೆ ಇನ್ನೊಂದು ದಿಬ್ಬ, ದಿಬ್ಬದ ಮೇಲೆ ಹತ್ತಿದವರು ತುದಿಯ ಗುರುತಿಗೆ ಪೇರಿಸಿದ ಕಲ್ಲಿನ ಗುಪ್ಪೆ.

"ಅದು ಇದಕ್ಕಿಂತ ಎತ್ತರ" ಅಂದ ಲಾಕ್ಲನ್.

ಇಶ್ಬೆಲ್ ನಕಾಶೆ ಬಿಚ್ಚಿದಳು. ಹೌದು, ಮೂವತ್ತು ಅಡಿ ಹೆಚ್ಚು. ಸರ್ವೆಯವರಿಗೆ ಬೇಕಾಗಿದ್ದದ್ದು ಸುತ್ತಲೂ ಚೆನ್ನಾಗಿ ಕಾಣುವ ಜಾಗ, ತುದಿಯಲ್ಲ. ಆ ದಿಬ್ಬಕ್ಕೆ ಬೇರೆ ಕಣಿವೆಯಿಂದ ನೆಟ್ಟಗೆ ಒಂದು ದಾರಿಯೂ ಇತ್ತು, ಇವರು ಬಂದದ್ದಕ್ಕಿಂತ ಉದ್ದವೇನಲ್ಲ.

"ನನ್ನ ತಪ್ಪು. ನಾನು ತ್ರಿಕೋನ ಒಂದೇ ನೋಡಿದೆ" ಅಂದಳು.

ಅವನು ಬೈಯಲಿಲ್ಲ. ತಗ್ಗಿನ ಕಡೆಗೆ ಇಳಿಯತೊಡಗಿದ. ನಾಲ್ಕು ಹೆಜ್ಜೆಗೇ ಉಸಿರು ಸಿಕ್ಕದೆ ಕಲ್ಲುಗಳ ಮೇಲೆ ಕೂತುಬಿಟ್ಟ. ತುಟಿ ನೀಲಿಗಟ್ಟಿತ್ತು. ಇಶ್ಬೆಲ್ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು.

"ಸಾಕು. ಮನೆಗೆ ಹೋಗೋಣ" ಅಂದ.

ಕೂರುತ್ತ ಏಳುತ್ತ ಇಳಿದು ಬಂದರು. ಕೆಳಗೆ ಡೂಗಲ್ ಬಾಟಲಿ ಎತ್ತಿ ಹಿಡಿದೇ ಓಡಿ ಬಂದ.

"ಏನಯ್ಯಾ ಮಹಾರಾಯ, ಮುಟ್ಟಿದ್ಯಾ?"

ಲಾಕ್ಲನ್ ಬಾಯಿ ತೆರೆಯುವ ಮೊದಲೇ ಇಶ್ಬೆಲ್ "ಮುಟ್ಟಿದ" ಅಂದಳು. ಈಗ ರೇಗುತ್ತಾನೆ, ಎಲ್ಲರ ಮುಂದೆ ಮಾನ ಕಳೆಯುತ್ತಾನೆ. ಕಳೆಯಲಿ, ಆ ಹಟ ಇನ್ನೂ ಉಳಿದಿದ್ದರೆ ಸಾಕು. ಬೈಯಲಿ, ಕೇಕಿಗೆ ಬೆನ್ನು ತಿರುಗಿಸಿ ಕಾರಿನಲ್ಲಿ ಮುಖ ಊದಿಸಿಕೊಂಡು ಕೂರಲಿ ದೇವರೇ ಅಂತ ಮನಸ್ಸಿನಲ್ಲೇ ಬೇಡಿಕೊಂಡಳು.

ಲಾಕ್ಲನ್ ಅವಳನ್ನು ಒಂದು ಗಳಿಗೆ ನೋಡಿದ. ಆಮೇಲೆ ಕೈ ಚಾಚಿ ಗ್ಲಾಸು ತೆಗೆದುಕೊಂಡ.

"ಹೂಂ, ಮುಟ್ಟಿದೆ" ಅಂದ.

ಡೂಗಲ್ ಅವನನ್ನು ಅಪ್ಪಿಕೊಂಡ. ಡೂಗಲ್‌ನ ಹೆಂಡತಿ ಚಪ್ಪಾಳೆ ತಟ್ಟಿ ಕೇಕು ಕತ್ತರಿಸಿದಳು. ಇವನು ಬದುಕಿಕೊಳ್ಳುತ್ತಾನೆ ಅಂತ ಇಶ್ಬೆಲ್ ಆ ಗಳಿಗೆಯವರೆಗೂ ನಂಬಿದ್ದಳು. ಅವಳ ಕೈಗೂ ಒಂದು ತುಂಡು ಕೇಕು ಬಂತು. ತಿಂದಳು.